ಗೋಲಿ ಎಣಿಸಿದ ಜಾಗ

"ಸರ್ವಾಧಿಕಾರಿ ನಡೆಸುವ ಚುನಾವಣೆ ಬರೀ ನಾಟಕ. ಬಹಿಷ್ಕರಿಸಿ ಬೀದಿಗಿಳಿಯುವುದೊಂದೇ ದಾರಿ" ಎಂದು ಶಿರಸಿಯಿಂದ ಬರೆದಿದ್ದೀರಿ. ನಿಮ್ಮ ಸಿಟ್ಟಿಗೆ ಕಾರಣವಿದೆ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ 1994ರ ಸೇನಾ ದಂಗೆಯಿಂದ ಗದ್ದುಗೆ ಹಿಡಿದ ಯಾಹ್ಯಾ ಜಾಮೆ ಆಮೇಲೆ ನಾಲ್ಕು ಚುನಾವಣೆ ಗೆದ್ದ. ಆದರೆ 2016ರ ಡಿಸೆಂಬರ್ 1ರಂದು ನಡೆದ ಐದನೆಯದರಲ್ಲಿ ಸೋತ. ಅದು ಹೇಗೆಂದು ನೀವು ತಾಳ್ಮೆಯಿಂದ ನೋಡಬೇಕಿತ್ತು.

ಅಲ್ಲಿ ಮತಪತ್ರದ ಬದಲು ಗೋಲಿ. ಓದು ಬಾರದವರಿಗೂ ಸುಲಭವಾಗಲೆಂದು 1960ರ ದಶಕದಲ್ಲಿ ಬಂದ ಪದ್ಧತಿ. ನಮ್ಮ 1952ರ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ ಇದ್ದಂತೆ ಅಲ್ಲಿ ಅಭ್ಯರ್ಥಿಗೊಂದು ಡ್ರಮ್ಮು, ಮೇಲೆ ಬಣ್ಣ, ಫೋಟೊ. ಕೊಳವೆಯಲ್ಲಿ ಗೋಲಿ ಬಿಟ್ಟರೆ ಒಳಗಿನ ಗಂಟೆ ಟಿಣ್ ಎನ್ನುತ್ತದೆ. ಎರಡು ಸಲ ಕೇಳಿಸಿದರೆ ಯಾರೋ ಎರಡು ಮತ ಹಾಕಿದ್ದಾರೆಂದು ಗೊತ್ತಾಗುತ್ತದೆ. ಬಿದ್ದ ಗೋಲಿ ಸದ್ದು ಮಾಡದಿರಲೆಂದು ತಳಕ್ಕೆ ಮರಳೋ ಮರದ ಹೊಟ್ಟೋ ಹಾಕುತ್ತಾರೆ. ಬೆಲ್ಲಿನ ಸದ್ದು ಗೊಂದಲ ಮಾಡುತ್ತದೆಂದು ಮತಗಟ್ಟೆಯ ಹತ್ತಿರ ಸೈಕಲ್ಲು ಬಿಡುವುದಿಲ್ಲ. ಎಣಿಸುವುದು 200 ಅಥವಾ 500 ಕುಳಿಗಳ ಹಲಗೆಯಲ್ಲಿ. ಕುಳಿ ತುಂಬಿತೋ, ಲೆಕ್ಕ ಮುಗಿಯಿತು.

2016ರಲ್ಲಿ ಬದಲಾದದ್ದು ಎಣಿಸುವ ಜಾಗ. ಡ್ರಮ್ಮು ಹೊತ್ತೊಯ್ಯದೆ ಮತಗಟ್ಟೆಯಲ್ಲೇ, ಪಕ್ಷದ ಏಜೆಂಟರ ಕಣ್ಣೆದುರೇ ಎಣಿಸಿದರು. ಮತಕ್ಕೆ ಕನ್ನ ಬೀಳುವುದು ಹೆಚ್ಚಾಗಿ ಸಾಗಣೆಯಲ್ಲಿ, ಲೆಕ್ಕ ಕೂಡಿಸುವ ಕೋಣೆಯಲ್ಲಿ. ಅಂದು ಇಂಟರ್ನೆಟ್ ಕಡಿತವಾದರೂ ಗಟ್ಟೆಗಟ್ಟೆಯ ಅಂಕಿ ಏಜೆಂಟರ ಜೇಬಿನಲ್ಲಿತ್ತು. ಇನ್ನೊಂದು, ಏಳು ವಿರೋಧ ಪಕ್ಷಗಳು ಆಡಮಾ ಬ್ಯಾರೊ ಒಬ್ಬನ ಹಿಂದೆ ನಿಂತವು. ಅಧ್ಯಕ್ಷನಾಗಲು ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವನ್ನು ಜಾಮೆಯ ಆಡಳಿತವೇ ತೆಗೆಸಿತ್ತು. ಬ್ಯಾರೊಗೆ ಶೇ. 43 ಸಾಕಾಯಿತು!

ಎಡವಟ್ಟೂ ಆಯಿತು. ಚುನಾವಣಾ ಆಯೋಗ ಮತ ಕೂಡಿಸುವುದರಲ್ಲಿ ತಪ್ಪಿ, ಮೊದಲು 51 ಸಾವಿರವೆಂದಿದ್ದ ಅಂತರವನ್ನು 19 ಸಾವಿರಕ್ಕೆ ತಿದ್ದಿತು. ಸೋಲು ಒಪ್ಪಿದ್ದ ಜಾಮೆ ಅದನ್ನೇ ನೆಪ ಮಾಡಿ ಡಿಸೆಂಬರ್ 9ರಂದು ಮಾತು ತಿರುಗಿಸಿದ. ಪಶ್ಚಿಮ ಆಫ್ರಿಕಾದ ನೆರೆ ದೇಶಗಳ ಸೇನೆ ಗಡಿ ದಾಟಿದ ಮೇಲೆ, ಜನವರಿ 21ರಂದು ದೇಶ ಬಿಟ್ಟ. ಕೊನೆಗೆ ಕೆಲಸ ಮಾಡಿದ್ದು ಸೈನ್ಯವೇ ತಾನೆ ಎನ್ನಬೇಡಿ. ಗೆದ್ದವನೊಬ್ಬ ಇರದಿದ್ದರೆ ಆ ಸೇನೆ ಯಾರ ಪರ ಬರುತ್ತಿತ್ತು?

ನಮ್ಮ ಟೀವಿಗಳಿಗೆ ಟ್ಯಾಂಕು ಕಾಣುತ್ತದೆ, ಎಣಿಕೆಯ ಹಾಳೆ ಕಾಣುವುದಿಲ್ಲ. ಪಕ್ಷಗಳಿಗೂ ಅಷ್ಟೆ, ರ‍್ಯಾಲಿಗೆ ದುಡ್ಡಿದೆ, ಸಂಜೆತನಕ ಬೂತಿನಲ್ಲಿ ಕೂರುವವರಿಲ್ಲ. ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆಯನ್ನು ಏಜೆಂಟರಿಗೆ ಕೊಡಬೇಕೆಂಬ ನಿಯಮ ನಮ್ಮಲ್ಲೇ ಇದೆ. ಮುಂದಿನ ಚುನಾವಣೆಯಲ್ಲಿ ನಿಮ್ಮ ಮತಗಟ್ಟೆಯಲ್ಲಿ ಎಷ್ಟು ಏಜೆಂಟರು ಅದನ್ನು ಕೇಳಿ ಪಡೆದರೆಂದು ನೋಡಿ, ನನಗೆ ಬರೆಯಿರಿ.

— ಸಂ.