ಮುಟ್ಟಿದರೆ ಮುನಿ ಎಂದ ಮೇಷ್ಟ್ರು

(ಹೆಸರು ಬದಲಿಸಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಇಬ್ಬರಿಗೂ ಓದಲು ಕೊಟ್ಟು, ಒಪ್ಪಿದ ಮೇಲೆ ಬರೆದದ್ದು.)

ಕಾಲೇಜಿನಲ್ಲಿ ಆಪ್ತಸಮಾಲೋಚಕಿಯಾಗಿ ವಾರಕ್ಕೆ ಎರಡು ದಿನ ನಾನು ಕೂರುವ ಕೋಣೆ ಮೊದಲು ಆಟದ ಸಾಮಾನು ಇಡುವ ಜಾಗವಾಗಿತ್ತು. ಈಗಲೂ ಒಂದು ಮೂಲೆಯಲ್ಲಿ ಕೇರಂ ಬೋರ್ಡ್ ಗೋಡೆಗೆ ಒರಗಿಕೊಂಡಿದೆ. ಕೂತರೆ ಪೌಡರ್ ವಾಸನೆ ಬರುತ್ತದೆ. ಅಲ್ಲಿಗೆ ಮೊದಲು ಬಂದದ್ದು ಹುಡುಗಿಯಲ್ಲ, ಮೇಷ್ಟ್ರು.

ರಸಾಯನಶಾಸ್ತ್ರದ ಪ್ರಾಧ್ಯಾಪಕರು. 26 ವರ್ಷದ ಸರ್ವಿಸ್. ಕುರ್ಚಿಯ ತುದಿಯಲ್ಲೇ ಕೂತು ಶುರು ಮಾಡಿದರು: “ಮೇಡಂ, ಪ್ರಿನ್ಸಿಪಾಲ್ರು ಕಳಿಸಿದ್ದಕ್ಕೆ ಬಂದೆ. ಈಗಿನ ಮಕ್ಕಳಿಗೆ ಏನೂ ಹೇಳೋ ಹಾಗಿಲ್ಲ. ಎಲ್ಲಾ ಮುಟ್ಟಿದರೆ ಮುನಿ ಗಿಡಗಳು. ನಮ್ಮಪ್ಪ ನನ್ನ ಶಾಲೆಗೆ ಬಿಡುವಾಗ ಏನಂದಿದ್ರು ಗೊತ್ತಾ? ಕಣ್ಣೆರಡು ಬಿಟ್ಟು ಬೇರೆ ಎಲ್ಲಾ ಕಡೆ ಚರ್ಮ ಸುಲೀರಿ ಮೇಷ್ಟ್ರೇ ಅಂದಿದ್ರು.”

ಈ ಮಾತನ್ನು ನಾನು ಎಷ್ಟು ಮೇಷ್ಟ್ರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರ ಅಪ್ಪಂದಿರೂ ಒಂದೇ ಮಾತು ಹೇಳಿದ್ದಾರೆ!

ದೂರು ಕೊಟ್ಟಿದ್ದವಳು ಬಿಎಸ್ಸಿ ಎರಡನೇ ವರ್ಷದ ಹುಡುಗಿ. ಚೈತ್ರಾ ಎನ್ನೋಣ. ಹತ್ತನೇ ತರಗತಿವರೆಗೆ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ದಿನಾ ಒಂದೂಕಾಲು ಗಂಟೆ ಬಸ್ಸಿನಲ್ಲಿ ಬರುತ್ತಾಳೆ. ನನ್ನೆದುರು ಕೂತವಳೇ ಮೊಬೈಲ್ ತೆಗೆದು ಒಂದು ನೋಟ್ ತೋರಿಸಿದಳು. ಅದರಲ್ಲಿ ಸರ್ ಮೇಲೆ ಒಂಬತ್ತು ದೂರುಗಳಿದ್ದವು, ತಾರೀಖಿನ ಸಮೇತ. ಗುಡ್ ಮಾರ್ನಿಂಗ್ ಅಂದರೆ ತಲೆ ಎತ್ತಲಿಲ್ಲ. ಲೇಟಾಗಿ ಬಂದಾಗ ಮಾತಾಡದೆ ಗಡಿಯಾರ ತೋರಿಸಿದರು. ರೆಕಾರ್ಡ್ ಪುಸ್ತಕದಲ್ಲಿ ಇಡೀ ಪುಟಕ್ಕೆ ಕೆಂಪು ಗೀಟು ಹಾಕಿ ‘ಮತ್ತೆ ಮಾಡು’ ಎಂದು ಬರೆದರು. ಹೀಗೆ.

“ಸರ್ ತುಂಬಾ ಟಾಕ್ಸಿಕ್ ಮೇಡಂ. ನನಗೆ ಟ್ರಾಮಾ ಆಗಿದೆ” ಎಂದಳು.

ಈ ಪದಗಳು ಈಗ ರೀಲ್ಸ್‌ನಿಂದ ನೇರ ನನ್ನ ಕೋಣೆಗೆ ಬರುತ್ತವೆ. ನನಗೆ ಅವುಗಳ ಮೇಲೆ ಸಿಟ್ಟಿಲ್ಲ. ಹೇಳಿಕೊಳ್ಳಲು ಏನೂ ಇಲ್ಲದ ಕಾಲಕ್ಕಿಂತ ಒಂದು ಪದ ಇರುವುದು ವಾಸಿ. ಆದರೆ ಗಡಿಯಾರ ತೋರಿಸಿದ್ದಕ್ಕೂ ಅದೇ ಪದ, ಎಲ್ಲರೆದುರು ಹೀಯಾಳಿಸಿದ್ದಕ್ಕೂ ಅದೇ ಪದ ಅಂದರೆ ನೋವು ಎಲ್ಲಿದೆ ಎಂದು ಹುಡುಕುವುದು ಕಷ್ಟ. ಹಾಗಾಗಿ, “ಇದನ್ನೇ ಮನೆಯಲ್ಲಿ ಅಮ್ಮನ ಹತ್ತಿರ ಹೇಳೋದಾದ್ರೆ ಹೇಗೆ ಹೇಳ್ತೀಯಾ?” ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದಳು. ಬ್ಯಾಗಿನ ಜಿಪ್ ಎಳೆಯುತ್ತಾ ಬಿಡುತ್ತಾ ಕೂತಳು. ಆಮೇಲೆ, “ಮಾನ ಹೋಯ್ತು ಅಂತೀನಿ ಮೇಡಂ” ಎಂದಳು.

ಒಂಬತ್ತರಲ್ಲಿ ಯಾವುದಕ್ಕೆ ಮಾನ ಹೋಯ್ತು? ಬೆರಳು ಎರಡನೆಯದರ ಮೇಲೆ ಹೋಯಿತು.

ಸೆಮಿನಾರ್ ದಿನ. ವಿಷಯ ಆಮ್ಲ ಮತ್ತು ಪ್ರತ್ಯಾಮ್ಲ. ಇವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಹತ್ತನೇ ತರಗತಿವರೆಗೆ ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಓದಿದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಬಂದ ದಿನ ಆ ಮೂರೂ ಪದ ಕಳೆದುಕೊಳ್ಳುತ್ತಾರೆ. ಪುಸ್ತಕ ಇಂಗ್ಲಿಷ್, ಪಾಠ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್. ಗೊತ್ತಿರುವುದನ್ನೇ ಮತ್ತೊಮ್ಮೆ ಮೊದಲಿನಿಂದ ಕಲಿಯಬೇಕು. ‘ಆಂಫೋಟೆರಿಕ್’ (ಆಮ್ಲದಂತೆಯೂ ಪ್ರತ್ಯಾಮ್ಲದಂತೆಯೂ ವರ್ತಿಸುವಂಥದ್ದು) ಎನ್ನುವಲ್ಲಿ ಅವಳ ನಾಲಿಗೆ ತೊಡರಿತು. ಮತ್ತೆ ಹೇಳಲು ಹೋದಳು, ಮತ್ತೆ ತೊಡರಿತು. ಮೇಷ್ಟ್ರು ಹಿಂದಿನ ಬೆಂಚಿನಿಂದ ಅಂದರು: “ಇದು ಕನ್ನಡ ಮೀಡಿಯಂ ಗಾಡಿ ಕಣ್ರೋ, ಘಾಟಿ ಹತ್ತಲ್ಲ. ಹಿಂದಿನವರು ಇಳಿದು ತಳ್ಳಿ.”

ಇಡೀ ಕ್ಲಾಸ್ ನಕ್ಕಿತು. ಸುಳ್ಳು ಯಾಕೆ ಹೇಳಲಿ, ಮೇಷ್ಟ್ರು ಅದನ್ನು ನನಗೆ ಹೇಳಿದಾಗ ನನಗೂ ನಗು ಬರುವುದರಲ್ಲಿತ್ತು. ಒಳ್ಳೆ ಜೋಕೇ. ತಳ್ಳುವವರು ಹಿಂದೆ ಇದ್ದರು, ತಳ್ಳಿಸಿಕೊಂಡವಳು ಕಪ್ಪು ಹಲಗೆಯ ಮುಂದೆ ಒಬ್ಬಳೇ ನಿಂತಿದ್ದಳು, ಅಷ್ಟೇ.

ಅದು ಅಲ್ಲಿಗೇ ಮುಗಿದಿದ್ದರೆ ಅವಳು ಎರಡು ದಿನ ಅತ್ತು ಮರೆಯುತ್ತಿದ್ದಳೋ ಏನೋ. ಮುಗಿಯಲಿಲ್ಲ. ಸಂಜೆಯೊಳಗೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋಗೆ ಬಸ್ಸು ಅಂಟಿಸಿದ ಸ್ಟಿಕ್ಕರ್ ಬಂತು. ಮರುದಿನದಿಂದ ಲ್ಯಾಬಿಗೆ ಕಾಲಿಟ್ಟರೆ ಯಾರಾದರೂ ಒಬ್ಬ ಮೆಲ್ಲಗೆ ಹಾರ್ನ್ ಸದ್ದು ಮಾಡುತ್ತಿದ್ದ. ಮೇಷ್ಟ್ರಿಗೆ ಇದು ಗೊತ್ತೇ ಇರಲಿಲ್ಲ. ಅವರ ಪಾಲಿಗೆ ಮಾತು ಅರ್ಧ ನಿಮಿಷದ್ದು. ಅವಳ ಪಾಲಿಗೆ ಮೂರು ವಾರ.

ಕೆಮಿಸ್ಟ್ರಿ ಲ್ಯಾಬ್ ಇರುವ ದಿನ ಹೊಟ್ಟೆ ತೊಳಸುತ್ತಿತ್ತಂತೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಲ್ಲೇ ಮಧ್ಯಾಹ್ನದವರೆಗೆ ಕೂತು, ಊರ ಬಸ್ ಹತ್ತುತ್ತಿದ್ದಳು. ಹಾಜರಾತಿ 75%ಗಿಂತ ಕೆಳಗೆ ಇಳಿದಿತ್ತು.

ಇಂಥವರು ಬಂದಾಗ ನಾನು ಒಂದು ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳುತ್ತೇನೆ: ಸಾಯಬೇಕು ಅಂತ ಅನ್ನಿಸಿದ್ದಿದೆಯಾ? ಕೇಳಿದರೆ ಆ ಯೋಚನೆ ಬರುತ್ತದೆ ಎನ್ನುವುದು ತಪ್ಪು. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಆ ಲೆಕ್ಕ ಗೊತ್ತಿದ್ದೂ ಕೇಳದೆ ಇರುವುದು ಹೇಗೆ? ಅವಳು “ಹಾಗೇನಿಲ್ಲ ಮೇಡಂ, ಕಾಲೇಜು ಬಿಡೋಣ ಅನ್ಸಿದೆ ಅಷ್ಟೇ” ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವಳ ಮೊಬೈಲಿನಲ್ಲಿ ಸೇವ್ ಮಾಡಿಸಿದೆ. ರಾತ್ರಿ ಹನ್ನೆರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ಭೇಟಿಯಲ್ಲಿ ಆ ಕೆಂಪು ಗೀಟಿನ ವಿಷಯಕ್ಕೆ ಬಂದೆವು. ಟೈಟ್ರೇಶನ್ ಪ್ರಯೋಗ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಎಂದು ಅಳೆಯುವುದು. ಹನಿ ಬಿಡುವ ಅಳತೆ ಕೊಳವೆಯ, ಅಂದರೆ ಬ್ಯೂರೆಟ್ಟಿನ ರೀಡಿಂಗ್ ಮೂರೂ ಸಲ 9.8 ಎಂದು ಬರೆದಿದ್ದಳು.

“ನೀನೇ ಮಾಡಿದ್ದಾ?”

“…ಇಲ್ಲ ಮೇಡಂ. ಫ್ರೆಂಡ್ ರೆಕಾರ್ಡ್ ನೋಡಿ ಬರೆದೆ.”

ಫ್ರೆಂಡ್ ಬೇರೆ ಬ್ಯಾಚ್. ಮೇಷ್ಟ್ರು ಬ್ಯಾಚಿನಿಂದ ಬ್ಯಾಚಿಗೆ ದ್ರಾವಣ ಬದಲಿಸುತ್ತಾರೆ. ಹಾಗಾಗಿ ನಕಲು ಎನ್ನುವುದು ಅವರಿಗೆ ಒಂದೇ ನೋಟಕ್ಕೆ ತಿಳಿದಿತ್ತು. ಹೆಸರು ಹಿಡಿದು ಕೂಗದೆ ‘ಮತ್ತೆ ಮಾಡು’ ಎಂದು ಬರೆದಿದ್ದರು. ನನ್ನ ಲೆಕ್ಕದಲ್ಲಿ ಒಬ್ಬ ಒಳ್ಳೆ ಮೇಷ್ಟ್ರು ಮಾಡುವ ಕೆಲಸ ಅದು. ಅದನ್ನೂ ಅವಳು ಅವಮಾನದ ಪಟ್ಟಿಗೆ ಸೇರಿಸಿದ್ದಳು.

ಯಾಕೆ ನಕಲು ಮಾಡಿದೆ ಎಂದು ಕೇಳಿದೆ. ಎಂಡ್ ಪಾಯಿಂಟ್, ಅಂದರೆ ಬಣ್ಣ ಬದಲಾದಾಗ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲಿಲ್ಲ, ಸರ್ ಹತ್ತಿರ ಕೇಳಲು ಭಯ, ಕೇಳುವಾಗ ತೊಡರಿದರೆ ಮತ್ತೆ ನಗುತ್ತಾರೆ.

ಈ ಪ್ರಕರಣದ ಗಂಟು ಇಲ್ಲಿತ್ತು. ಒಮ್ಮೆ ಎಲ್ಲರೆದುರು ಹೀಯಾಳಿಸಿಕೊಂಡ ಕಿವಿಗೆ ಆಮೇಲೆ ತಿದ್ದುವ ಮಾತೂ ಹೀಯಾಳಿಕೆಯಾಗಿಯೇ ಕೇಳುತ್ತದೆ. ಗಡಿಯಾರ ತೋರಿಸಿದರೂ ಅದೇ, ಕೆಂಪು ಗೀಟು ಹಾಕಿದರೂ ಅದೇ. ಹೊರಗಿನಿಂದ ನೋಡಿದವರಿಗೆ ‘ಇಷ್ಟಕ್ಕೆಲ್ಲಾ ಬೇಜಾರಾ?’ ಅನ್ನಿಸುತ್ತದೆ. ಆ ‘ಇಷ್ಟಕ್ಕೆ’ ಹಿಂದೆ ಇನ್ನೊಂದು ಇರುತ್ತದೆ.

ಎಲ್ಲಾ ಸಲ ಇರುತ್ತದೆ ಎಂದೂ ಹೇಳುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಕಳಿಸಿದ ಮೆಸೇಜಿಗೆ ಮೇಡಂ ಉತ್ತರ ಕೊಡಲಿಲ್ಲ, ನನ್ನನ್ನು ಕಡೆಗಣಿಸುತ್ತಿದ್ದಾರೆ ಎಂದು ಒಬ್ಬ ಹುಡುಗ ಬಂದಿದ್ದ. ಅವನಿಗೆ ಬೇಗ ಮಲಗಪ್ಪ ಎಂದು ಹೇಳಿ ಕಳಿಸಿದೆ.

ಚೈತ್ರಾಳ ಒಪ್ಪಿಗೆ ಪಡೆದು ಮೇಷ್ಟ್ರನ್ನು ಮತ್ತೆ ಕರೆದೆ. ಸ್ಟಿಕ್ಕರ್, ಹಾರ್ನ್ ವಿಷಯ ಕೇಳಿ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. “ನಮ್ಮ ಗಣಿತದ ಮೇಷ್ಟ್ರು ಡಸ್ಟರ್ ಎಸೀತಿದ್ರು. ನಾವು ತಡ್ಕೊಂಡಿಲ್ವಾ?”

“ಗಣಿತದಲ್ಲಿ ಎಷ್ಟು ಬರ್ತಿತ್ತು ಸರ್?”

ನಕ್ಕುಬಿಟ್ಟರು. “ಅದಕ್ಕೇ ತಾನೇ ಕೆಮಿಸ್ಟ್ರಿ ತಗೊಂಡಿದ್ದು!” ನಕ್ಕ ಮೇಲೆ ಸ್ವಲ್ಪ ತಡೆದು, ತಾವಾಗಿಯೇ ಹೇಳಿದರು: ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಏಳನೇ ತರಗತಿಗೇ ಶಾಲೆ ಬಿಟ್ಟ. ಅದೇ ಮೇಷ್ಟ್ರಿಗೆ ಹೆದರಿ. ಅವನಿಗೆ ಈಗ ಊರಿನಲ್ಲಿ ಗ್ಯಾರೇಜ್ ಇದೆ. ತಡೆದುಕೊಂಡವರು ಮಾತ್ರ ‘ನಾವು ತಡೆದುಕೊಂಡೆವು’ ಎಂದು ಹೇಳಲು ಕಾಲೇಜಿನಲ್ಲಿ ಉಳಿದಿರುತ್ತಾರೆ ಅಲ್ವಾ.

ಇನ್ನೊಂದು ಮಾತು ನಾನು ಕೇಳದೆಯೇ ಹೊರಬಂತು. ಎರಡು ವರ್ಷದ ಹಿಂದೆ, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆಂದು ಮಕ್ಕಳಿಂದ ಹೆಸರಿಲ್ಲದ ಅಭಿಪ್ರಾಯ ಬರೆಸಿದ್ದರು. ಯಾರೋ ಬರೆದಿದ್ದರು: ‘ಸರ್ ಪಾಠ ಮಾಡಲ್ಲ, ಪಿಪಿಟಿ ಓದ್ತಾರೆ.’ ಅದನ್ನು ಹೇಳುವಾಗ ಅವರ ದನಿ ಬದಲಾಯಿತು. ಅಂದಿನಿಂದ ಆ ಬ್ಯಾಚಿನ ಬೀಳ್ಕೊಡುಗೆಗೂ ಹೋಗಲಿಲ್ಲವಂತೆ.

“ಸರ್, ಹೆಸರಿಲ್ಲದ ಒಂದು ಸಾಲು ಎರಡು ವರ್ಷ ಆದ್ರೂ ಅಕ್ಷರ ಬಿಡದೆ ನೆನಪಿದೆ ನಿಮಗೆ. ಅವಳಿಗೆ ಹೆಸರು, ಫೋಟೋ ಎಲ್ಲಾ ಸೇರಿಸಿ ಕೊಟ್ಟಿದ್ದಾರೆ.”

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಕೇರಂ ಬೋರ್ಡ್ ನೋಡುತ್ತಾ ಕೂತರು.

ಅವರಿಗೆ ನಾನು ಹೇಳಿದ್ದು ಇಷ್ಟು. ಮಾತು ಕ್ಲಾಸಿನಲ್ಲಿ ಆಡಿದ್ದೀರಿ, ವಾಪಸ್ ತೆಗೆದುಕೊಳ್ಳುವುದೂ ಕ್ಲಾಸಿನಲ್ಲೇ ಆಗಲಿ. ಚೇಂಬರಿಗೆ ಕರೆದು ‘ನಿನಗೆ ಬೇಜಾರಾಗಿದ್ರೆ ಸಾರಿ’ ಅನ್ನಬೇಡಿ. ‘ಆಗಿದ್ರೆ’ ಅಂದರೆ ತಪ್ಪು ಅವಳ ಬೇಜಾರಿನದು ಎಂದಾಗುತ್ತದೆ. ಸ್ಟಿಕ್ಕರ್ ಅಳಿಸಬೇಕು ಎಂದು ನೀವೇ ಹೇಳಿ, ನೀವು ಹೇಳಿದರೆ ಬೇರೆ ತೂಕ. ಆದರೆ ರೆಕಾರ್ಡ್‌ನ ಕೆಂಪು ಗೀಟಿಗೆ ಕ್ಷಮೆ ಕೇಳಬೇಡಿ. ಅದನ್ನು ಅಳಿಸಿದರೆ ಅವಳಿಗೆ ಇನ್ನೊಂದು ಅನ್ಯಾಯ ಮಾಡಿದ ಹಾಗೆ.

“ಇನ್ನು ಮೇಲೆ ಸುಮ್ನೆ ಪಾಠ ಮಾಡಿ ಹೋಗ್ತೀನಿ ಮೇಡಂ, ಯಾರಿಗೂ ಏನೂ ಹೇಳಲ್ಲ” ಎಂದರು. ನನಗೆ ಹೆಚ್ಚು ಭಯ ಆಗುವುದು ಈ ಮಾತಿಗೆ. ಸಿಟ್ಟಿನಲ್ಲಿ ಬಾಯಿ ಮುಚ್ಚಿಕೊಂಡ ಮೇಷ್ಟ್ರಿಂದ ಮಕ್ಕಳಿಗೆ ಆಗುವ ನಷ್ಟ ಜೋಕು ಮಾಡುವ ಮೇಷ್ಟ್ರಿಗಿಂತ ಕಡಿಮೆಯೇನಲ್ಲ. ಜೋಕು ಮಾಡಿ ಸರ್, ಆಂಫೋಟೆರಿಕ್ ಪದದ ಮೇಲೆ ಮಾಡಿ, ಇಂಗ್ಲಿಷಿನ ಸ್ಪೆಲಿಂಗ್ ಮೇಲೆ ಮಾಡಿ, ನಿಮ್ಮ ಮೇಲೇ ಮಾಡಿ ಎಂದೆ. ಅವಳ ಶಾಲೆ, ಅವಳ ಊರು, ಅವಳ ಮಾತು ಇವನ್ನು ಬಿಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲೇ ತಂದ ಸಮಾನತೆಯ ನಿಯಮಗಳಲ್ಲಿ ಜಾತಿ, ಧರ್ಮ, ಲಿಂಗದ ಜೊತೆಗೆ ಭಾಷೆಯ ಹೆಸರೂ ಇದೆ. ಹಾಗೆ ಎಂದಾಗ ಅವರು ಆಶ್ಚರ್ಯದಿಂದ ನೋಡಿದರು.

ಚೈತ್ರಾಳಿಗೆ ಎರಡು ಆಸೆ ಇದ್ದವು. ಬ್ಯಾಚ್ ಬದಲಿಸಿಕೊಡಬೇಕು, ಒಂಬತ್ತು ದೂರಿಗೂ ಸರ್ ಉತ್ತರ ಕೊಡಬೇಕು. ನಾನು ಎರಡಕ್ಕೂ ಬೇಡ ಎಂದೆ. ಬ್ಯಾಚ್ ಬಿಟ್ಟು ಹೋದರೆ ಹಾರ್ನ್ ಹೊಡೆದವರು ಅಲ್ಲೇ ಇರುತ್ತಾರೆ, ಹೋದವಳು ನೀನಾಗುತ್ತೀಯ. ಒಂಬತ್ತು ಕೊಟ್ಟರೆ ಓದುವವರು ಗಡಿಯಾರದ ದೂರು ಹಿಡಿದು ನಗುತ್ತಾರೆ, ನಿಜವಾದ ಒಂದು ಅದರಡಿ ಮುಚ್ಚಿಹೋಗುತ್ತದೆ. ಪೆನ್ನು ಕೊಟ್ಟು, ಸರ್ ನಿನ್ನ ಕೆಲಸದ ಬಗ್ಗೆ ಹೇಳಿದ್ದನ್ನೆಲ್ಲಾ ಹೊಡೆದುಹಾಕು, ನಿನ್ನ ಬಗ್ಗೆ ಹೇಳಿದ್ದನ್ನು ಮಾತ್ರ ಉಳಿಸು ಎಂದೆ. ಏಳು ಹೋದವು. ಗುಡ್ ಮಾರ್ನಿಂಗ್ ವಿಷಯದಲ್ಲಿ ಸ್ವಲ್ಪ ಚೌಕಾಸಿ ನಡೆಯಿತು, ಕೊನೆಗೆ ಅದನ್ನೂ ಬಿಟ್ಟಳು. ಉಳಿದ ಒಂದನ್ನು ನೀಟಾಗಿ ಬರೆದು ಕುಂದುಕೊರತೆ ಸಮಿತಿಗೆ ಕೊಟ್ಟಳು, ಸ್ಟಿಕ್ಕರ್ ಮಾಡಿದವರ ಹೆಸರಿನ ಜೊತೆ. ಟೈಟ್ರೇಶನ್ ಮತ್ತೆ ಮಾಡಬೇಕು ಎಂದಾಗ ಮಾತ್ರ ಮುಖ ಗಂಟಿಕ್ಕಿದಳು.

ಪ್ರಿನ್ಸಿಪಾಲರು ‘ವಿದ್ಯಾರ್ಥಿಗಳ ಮನಸ್ಸಿಗೆ ನೋವಾಗುವಂತೆ ಯಾರೂ ಮಾತಾಡಬಾರದು’ ಎಂದು ಸುತ್ತೋಲೆ ಹೊರಡಿಸಲು ಹೊರಟಿದ್ದರು. ಬೇಡ ಎಂದು ತಡೆದೆ. ಅಷ್ಟು ಅಗಲದ ಸುತ್ತೋಲೆಯಿಂದ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ, ಯಾರೂ ಏನೂ ಕಲಿಯುವುದಿಲ್ಲ.

ಮೇಷ್ಟ್ರು ಒಂದು ಸೋಮವಾರ ಪಾಠ ಶುರು ಮಾಡುವ ಮುಂಚೆ ಹೇಳಿದರಂತೆ: “ಅವತ್ತು ಗಾಡಿ ಅಂತ ಅಂದಿದ್ದು ತಪ್ಪು. ನಾನೂ ಪಿಯುಸಿಗೆ ಬರೋವರೆಗೆ ಕನ್ನಡ ಮೀಡಿಯಮ್ಮೇ.” ಹಿಂದಿನ ಬೆಂಚಿನ ಇಬ್ಬರು ಬೇಕೆಂದೇ ಜೋರಾಗಿ ಚಪ್ಪಾಳೆ ತಟ್ಟಿದರಂತೆ. ಚೈತ್ರಾ ತಲೆ ಎತ್ತಲಿಲ್ಲ. ಸ್ಟಿಕ್ಕರ್ ಗುಂಪಿನಿಂದ ಹೋಯಿತು, ಕೆಲವರ ಮೊಬೈಲಿನಲ್ಲಿ ಈಗಲೂ ಇರಬಹುದು. ಸೆಮಿನಾರ್ ಮತ್ತೆ ಕೊಡುತ್ತೀಯಾ ಎಂದರೆ ಬೇಡವೇ ಬೇಡ ಎನ್ನುತ್ತಾಳೆ. ಅದಕ್ಕೆ ನಾನು ಒತ್ತಾಯ ಮಾಡಿಲ್ಲ.

ಐದನೇ ಭೇಟಿಗೆ ರೆಕಾರ್ಡ್ ಪುಸ್ತಕ ಹಿಡಿದುಕೊಂಡೇ ಬಂದಳು. ಬ್ಯೂರೆಟ್ ಕೆಳಗೆ ನಿಂತು, ಗುಲಾಬಿ ಬಣ್ಣ ತಿಳಿಯಾಗಿ ಉಳಿದರೆ ಸಾಕಾ ಎಂದು ಸರ್ ಅನ್ನೇ ಕೇಳಿದ್ದಳಂತೆ, ಕನ್ನಡದಲ್ಲೇ. ಅವರು “ಕಣ್ಣು ಮಟ್ಟಕ್ಕೆ ತಗೊಂಡು ನೋಡಮ್ಮ, ಮೇಲಿಂದ ನೋಡಿದ್ರೆ ತಪ್ಪು ಬರುತ್ತೆ” ಎಂದರಂತೆ. ಪುಟದಲ್ಲಿ 10.4, 10.5, 10.5 ಎಂದಿತ್ತು. ಪಕ್ಕದಲ್ಲಿ ಕೆಂಪು ಇಂಕಿನ ಒಂದು ಸುತ್ತು.

“ನೋಡಿ ಮೇಡಂ, ಯೂನಿಟ್ ಬರೆದಿಲ್ಲ ಅಂತ ಅರ್ಧ ಮಾರ್ಕ್ಸ್ ಕಟ್ ಮಾಡಿದಾರೆ. ಮಿ.ಲೀ. ಅಂತ ಅವರಿಗೆ ಗೊತ್ತಾಗಲ್ವಾ?” ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಪುಸ್ತಕ ಬ್ಯಾಗಿಗೆ ತುರುಕಿಕೊಂಡು ಹೋದಳು.