ಅಂಕಿತ ಬಿದ್ದ ಕಾಯ್ದೆಗೆ ಜಾರಿಯ ದಿನ ಯಾವುದು?

ಆಳಂದದ ನಿವೃತ್ತ ಮಾಸ್ತರರೊಬ್ಬರ ಪತ್ರ: "ಹೋದ ಸಂಚಿಕೆಯ ಲೇಖನದಾಗ ಅಣು ಹಾನಿ ಹೊಣೆಗಾರಿಕೆ ಕಾಯ್ದೆ 2010ರದು ಅಂತ ಬರದೀರಿ. ಮುಂದಿನ ಪುಟದಾಗ 2011ಕ್ಕ ಜಾರಿಗೆ ಬಂತು ಅಂದೀರಿ. ಯಾವುದು ಖರೇ? ಸಂಸತ್ತು ಪಾಸ್ ಮಾಡಿ, ರಾಷ್ಟ್ರಪತಿ ಸಹಿ ಬಿದ್ದ ಮ್ಯಾಲ ಮತ್ತೇನು ಉಳಿದಿರ್ತದ್ರಿ?"

ಮಾಸ್ತರರೇ, ಎರಡೂ ಖರೇ. ಅಂಕಿತ ಬಿದ್ದದ್ದು 2010ರ ಸೆಪ್ಟೆಂಬರ್ 21ರಂದು, ಜಾರಿಯಾದದ್ದು 2011ರ ನವೆಂಬರ್ 11ರಂದು. ನಡುವಿನ ಹದಿಮೂರು ತಿಂಗಳಿಗೂ ಮೀರಿದ ಅವಧಿಯಲ್ಲಿ ಅದು ಕಾಗದದ ಮೇಲಷ್ಟೇ ಕಾಯ್ದೆ.

ಉಳಿದಿರುವುದು ಒಂದು ಅಧಿಸೂಚನೆ. ಇಂಥ ಕಾಯ್ದೆಗಳ ಮೊದಲನೇ ಕಲಮಿನಲ್ಲೇ, ಕೇಂದ್ರ ಸರ್ಕಾರ ರಾಜಪತ್ರದಲ್ಲಿ ಗೊತ್ತುಪಡಿಸಿದ ದಿನದಿಂದ ಜಾರಿಗೆ ಬರುತ್ತದೆ ಎಂಬ ಸಾಲಿರುತ್ತದೆ. ಆ ದಿನ ಎಷ್ಟರೊಳಗೆ ಬರಬೇಕು ಎಂಬ ಗಡುವು ಸಾಮಾನ್ಯವಾಗಿ ಇರುವುದಿಲ್ಲ. ಸಾಲೇ ಇಲ್ಲದಿದ್ದರೆ, ಕೇಂದ್ರದ ಕಾಯ್ದೆಗಳನ್ನು ಹೇಗೆ ಅರ್ಥೈಸಬೇಕೆಂದು ಹೇಳುವ 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ ಅಂಕಿತ ಬಿದ್ದ ದಿನವೇ ಜಾರಿ.

ಒಂದೇ ಕಾಯ್ದೆಯ ಕಲಮುಗಳಿಗೆ ಬೇರೆ ಬೇರೆ ದಿನ ಗೊತ್ತುಮಾಡುವುದೂ ಉಂಟು. ಇದರಿಂದಾದ ಗೊಂದಲಕ್ಕೆ 2006ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಕಾಯ್ದೆಯನ್ನು ನೋಡಿ. 2007ರ ಅಕ್ಟೋಬರ್ 1ಕ್ಕೆ ಅದು ಜಾರಿಯಾಯಿತು, 16ನೇ ಕಲಮೊಂದನ್ನು ಬಿಟ್ಟು. ಅನಿಲದ ಕೊಳವೆ ಹಾಕಲು ಮಂಡಳಿಯ ಅನುಮತಿ ಬೇಕು ಎನ್ನುವ ಕಲಂ ಅದೇ! ಮಂಡಳಿ ಇದೆ, ಕಚೇರಿ ಇದೆ, ನಗರಗಳ ಅನಿಲ ಜಾಲಕ್ಕೆ ಟೆಂಡರ್ ಕರೆಯುವುದೂ ನಡೆದಿದೆ. 2010ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ಆ ಕಲಂ ಜಾರಿಯಾಗದೆ ಅನುಮತಿ ಕೊಡುವ ಅಧಿಕಾರ ಮಂಡಳಿಗಿಲ್ಲ ಎಂದಿತು. ಆಮೇಲೆ, ಅದೇ ಜುಲೈನಲ್ಲಿ, ಸರ್ಕಾರ ಅಧಿಸೂಚನೆ ಹೊರಡಿಸಿತು.

ತಡವೇಕೆ ಎಂದರೆ, ಕಾಯ್ದೆಯ ವಿವರಗಳನ್ನು ತುಂಬುವ "ನಿಯಮಗಳು ಇನ್ನೂ ತಯಾರಾಗಿಲ್ಲ" ಎಂಬುದು ಸರ್ಕಾರಗಳ ಮಾಮೂಲು ಉತ್ತರ. ಇದನ್ನು ನಾನು ಒಪ್ಪುವುದಿಲ್ಲ. ಅದೇ 1897ರ ಕಾಯ್ದೆಯ 22ನೇ ಕಲಂ, ಜಾರಿಗೆ ಮುಂಚೆಯೇ ನಿಯಮ ರೂಪಿಸಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆರು ತಿಂಗಳೊಳಗೆ ನಿಯಮ ಮಾಡಬೇಕೆಂಬ ಸಂಸದೀಯ ಪದ್ಧತಿಯೂ ಇದೆ, ಆದರೆ ಆ ಲೆಕ್ಕ ಶುರುವಾಗುವುದು ಕಾಯ್ದೆ ಜಾರಿಯಾದ ದಿನದಿಂದ. ಜಾರಿಯನ್ನೇ ಮುಂದೂಡಿದರೆ ಯಾವ ಆರು ತಿಂಗಳು?

ಮನಸ್ಸಿದ್ದರೆ ಬೇಗ ಆಗುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಗೆ ಮೇ 26ರಂದು ಅಂಕಿತ, ಜೂನ್ 10ರಂದು ಜಾರಿ. ಇಂಧನ ಸಂರಕ್ಷಣಾ ತಿದ್ದುಪಡಿಯೂ ಹಾಗೆಯೇ: ಅಂಕಿತ 2022ರ ಡಿಸೆಂಬರ್ 19, ಜಾರಿ 2023ರ ಜನವರಿ 1. ಆದರೆ ಅದರಡಿಯ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ (ಇಂಗಾಲದ ಹೊಗೆ ತಗ್ಗಿಸಿದ್ದಕ್ಕೆ ಸಿಗುವ ಪ್ರಮಾಣಪತ್ರಗಳನ್ನು ಕೊಂಡು ಮಾರುವ ವ್ಯವಸ್ಥೆ) ಪ್ರಕಟವಾದದ್ದು ಜೂನ್ ಕೊನೆಗೆ. ನಮ್ಮ ಸೇಡಂ, ವಾಡಿ ಕಡೆಯ ಸಿಮೆಂಟ್ ಉದ್ದಿಮೆಗೆ ನೇರವಾಗಿ ತಾಗುವ ವಿಷಯವಿದು. ಹಾಗಾಗಿ ಜಾರಿಯಾಯಿತು ಎಂದ ಕೂಡಲೇ ಕೆಲಸ ಶುರುವಾಯಿತು ಎಂದೂ ತಿಳಿಯಬಾರದು.

ಕೋರ್ಟಿಗೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಇಂತಿಂಥ ದಿನವೇ ಜಾರಿ ಮಾಡಿ ಎಂದು ಸರ್ಕಾರಕ್ಕೆ ಆಜ್ಞಾಪಿಸಲಾಗದು ಎಂದು ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿಬಿಟ್ಟಿದೆ. ಜಾರಿ ಮಾಡುವ ಬಗ್ಗೆ ಯೋಚಿಸಿ ಎನ್ನಬಹುದು, 1988ರಲ್ಲಿ ವಕೀಲರ ಕಾಯ್ದೆಯ 30ನೇ ಕಲಮಿನ (ಎಲ್ಲ ಕೋರ್ಟುಗಳಲ್ಲೂ ವಾದಿಸುವ ಹಕ್ಕನ್ನು ವಕೀಲರಿಗೆ ಕೊಡುವ ಕಲಂ) ವಿಷಯದಲ್ಲಿ ಹಾಗೇ ಅಂದಿತು. ಆ ಕಲಂ ಜಾರಿಯಾದದ್ದು 2011ರಲ್ಲಿ.

ಆದ್ದರಿಂದ ಹಿಡಿಯಬೇಕಾದದ್ದು ಸಂಸದರನ್ನು. ಮಸೂದೆ ಚರ್ಚೆಯಲ್ಲಿರುವಾಗಲೇ ಮೊದಲನೇ ಕಲಮಿಗೆ ಗಡುವು ಸೇರಿಸಲು ತಿದ್ದುಪಡಿ ಸೂಚಿಸುವಂತೆ ಅವರಿಗೆ ಬರೆಯಿರಿ. ಪಾಸಾಗಿಹೋಗಿದ್ದರೆ ಮಾಹಿತಿ ಹಕ್ಕಿನಲ್ಲಿ ಸಂಬಂಧಪಟ್ಟ ಸಚಿವಾಲಯವನ್ನು ಎರಡೇ ಪ್ರಶ್ನೆ ಕೇಳಿ: ಯಾವ ಕಲಮುಗಳು ಜಾರಿಯಾಗಿವೆ, ಉಳಿದವುಗಳ ನಿಯಮಗಳು ಯಾವ ಹಂತದಲ್ಲಿವೆ? ಬಂದ ಉತ್ತರದ ಪ್ರತಿ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

— ಸಂಪಾದಕ, ಕಲಬುರಗಿ