ಓದುಗರ ಪ್ರಶ್ನೆ, ನಮ್ಮ ಉತ್ತರ: ಯಹೂದಿ ಮ್ಯೂಸಿಯಂನಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು

ಯಹೂದಿ ಇತಿಹಾಸ, ಸಂಸ್ಕೃತಿಗೆ ಮೀಸಲಾದ ಮ್ಯೂಸಿಯಂಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಯಹೂದಿ ಮ್ಯೂಸಿಯಂ ಎಂದರೆ ಹಿಟ್ಲರನ ಕಾಲದ ನರಮೇಧದ ಸ್ಮಾರಕವೇ? ಬರ್ಲಿನ್ ಪ್ರವಾಸದಲ್ಲಿ ಚಿಕ್ಕ ಮಕ್ಕಳನ್ನು ಕರೆದೊಯ್ಯಬಹುದೇ?

ಅವೆರಡೂ ಬೇರೆ ಬೇರೆ. ಈ ಬಗೆಯ ಮೊದಲ ಮ್ಯೂಸಿಯಂ ವಿಯೆನ್ನಾದಲ್ಲಿ ಶುರುವಾದದ್ದು 1895ರಲ್ಲಿ. ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂ 1904ರಲ್ಲಿ ಬರೀ 26 ಪೂಜಾ ಸಾಮಗ್ರಿಗಳಿಂದ ಆರಂಭವಾಯಿತು. ಪ್ರಾಗ್‌ನಲ್ಲಿ ಹಳೆಯ ಯಹೂದಿ ಕೇರಿಯನ್ನು ಕೆಡವುವಾಗ ನೆಲಸಮವಾದ, ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳ ವಸ್ತುಗಳನ್ನು ಉಳಿಸಿಕೊಳ್ಳಲೆಂದೇ 1906ರಲ್ಲಿ ಮ್ಯೂಸಿಯಂ ಹುಟ್ಟಿತು. ಅಂದರೆ ಹಬ್ಬ, ಮದುವೆ, ವ್ಯಾಪಾರ, ಪಾಂಡಿತ್ಯ, ಅಡುಗೆಮನೆ ಎಲ್ಲವೂ ಇವುಗಳ ವಿಷಯ. ನರಮೇಧ ಅದರಲ್ಲಿ ಒಂದು ಅಧ್ಯಾಯ, ಎಷ್ಟೇ ದೊಡ್ಡದಾದರೂ. ವಾರ್ಸಾದ ಪೋಲಿನ್ ಮ್ಯೂಸಿಯಂ ಸಾವಿರ ವರ್ಷದ ಕತೆಯನ್ನು ಎಂಟು ಗ್ಯಾಲರಿಗಳಲ್ಲಿ ಹೇಳುತ್ತದೆ. ಅದರಲ್ಲಿ ನರಮೇಧಕ್ಕೆ ಮೀಸಲಾದದ್ದು ಒಂದು.

ಬರ್ಲಿನ್ನಿನದು ಕಟ್ಟಡವೇ ಮೈಮನಸ್ಸಿನ ಮೇಲೆ ಕೆಲಸ ಮಾಡುವಂಥದ್ದು. ಡೇನಿಯಲ್ ಲಿಬೆಸ್ಕಿಂಡ್ ರೂಪಿಸಿದ ಸತುವಿನ ಹೊದಿಕೆಯ ಕಟ್ಟಡಕ್ಕೆ ಬೀದಿಯಿಂದ ಬಾಗಿಲಿಲ್ಲ. ಪಕ್ಕದ ಹಳೆಯ ಬರೋಕ್ ಕಟ್ಟಡದ ಮೂಲಕ ಹೊಕ್ಕು, ಮೆಟ್ಟಿಲಿಳಿದು, ನೆಲದಡಿಯ ಹಾದಿಯಲ್ಲಿ ಹೋಗಬೇಕು. ಅಲ್ಲಿ ಹಾದಿ ಮೂರಾಗುತ್ತದೆ. ಒಂದು ಕೊನೆಯಾಗುವುದು 49 ಕಾಂಕ್ರೀಟ್ ಕಂಬಗಳ ‘ದೇಶಭ್ರಷ್ಟರ ತೋಟ’ದಲ್ಲಿ. ಅದರ ನೆಲವನ್ನು ಬೇಕೆಂದೇ ಓರೆಯಾಗಿಸಿದ್ದಾರೆ. ತಲೆಸುತ್ತು ಬರುವವರು, ಮಂಡಿನೋವಿನವರು ಅಂಚಿನಲ್ಲೇ ನಿಂತು ನೋಡುವುದು ಮೇಲು. ಇನ್ನೊಂದು ಹಾದಿಯ ಕೊನೆಗೆ 24 ಮೀಟರ್ ಎತ್ತರದ, ಬರೀ ಸೀಳಿನ ಬೆಳಕಿರುವ, ಚಳಿಗಾಲದಲ್ಲೂ ಬಿಸಿಮಾಡದ ಗೋಪುರ. ಚಿಕ್ಕ ಮಕ್ಕಳನ್ನು ಇದರೊಳಗೆ ಕರೆದೊಯ್ಯುವುದು ಬೇಡ ಎನ್ನುತ್ತೇವೆ. ರಸ್ತೆಯಾಚೆ ನೋಹನ ಹಡಗಿನ ಕತೆಯನ್ನಾಧರಿಸಿದ ‘ಅನೋಹಾ’ ಇದೆ, 3ರಿಂದ 10 ವರ್ಷದವರಿಗೆಂದೇ 2021ರಲ್ಲಿ ತೆರೆದದ್ದು. ಅಲ್ಲಿಗೆ ವೇಳೆ ಮೊದಲೇ ಕಾದಿರಿಸಿ, ದೊಡ್ಡವರು ಸರದಿಯ ಮೇಲೆ ಗೋಪುರ ನೋಡಿ ಬನ್ನಿ.

ಪ್ರಶ್ನೆ: ಗಾಜಿನ ಪೆಟ್ಟಿಗೆಯಲ್ಲಿ ತೋರಾ ಸುರುಳಿಯನ್ನು ಅರ್ಧ ಬಿಚ್ಚಿ ಇಟ್ಟಿರುತ್ತಾರೆ. ಅದು ಅಸಲಿಯೇ? ಪಕ್ಕದಲ್ಲಿರುವ ಬೆಳ್ಳಿಯ ಪುಟ್ಟ ಕೈ ಏನು?

ಸಾಮಾನ್ಯವಾಗಿ ಅಸಲಿಯೇ. ಆದರೆ ಪಠಣಕ್ಕೆ ಅನರ್ಹವಾದದ್ದು. ತೋರಾ ಎಂದರೆ ಯಹೂದಿಗಳ ಪವಿತ್ರ ಗ್ರಂಥ. ಅದರ ಸುರುಳಿಯಲ್ಲಿ 304,805 ಅಕ್ಷರಗಳಿರುತ್ತವೆ. ಒಂದು ಅಳಿಸಿದರೂ, ತಿದ್ದುವ ತನಕ ಸಿನಗಾಗ್‌ನಲ್ಲಿ ಅದನ್ನು ಓದುವ ಹಾಗಿಲ್ಲ. ತಿನ್ನಲು ಯೋಗ್ಯವೆಂದು ಧರ್ಮ ಒಪ್ಪಿದ ಪ್ರಾಣಿಯ ಚರ್ಮವನ್ನು ಹದಮಾಡಿ, ಹಾಳೆಗಳನ್ನು ಅದೇ ಬಗೆಯ ಪ್ರಾಣಿಯ ಸ್ನಾಯುದಾರದಿಂದ ಹೊಲಿದು, ಗರಿ ಲೇಖನಿಯಲ್ಲಿ ಕೈಯಾರೆ ಬರೆಯುತ್ತಾರೆ. ಶಾಯಿ ಚರ್ಮದೊಳಕ್ಕೆ ಇಳಿಯದೆ ಮೇಲೆಯೇ ಕೂತಿರುತ್ತದೆ. ಗಾಳಿಯ ತೇವ ಏರಿಳಿದಾಗ ಚರ್ಮ ಹಿಗ್ಗಿ ಕುಗ್ಗುತ್ತದೆ, ಶಾಯಿ ಅದರ ಜೊತೆ ಬಾಗದೆ ಸಿಪ್ಪೆಯಾಗಿ ಏಳುತ್ತದೆ. ಅಕ್ಷರ ಕಳೆದುಹೋಗುವುದು ಬಹುಪಾಲು ಹೀಗೆಯೇ.

ಇಲ್ಲೊಂದು ಸೂಕ್ಷ್ಮವಿದೆ. ಸಿನಗಾಗ್‌ನ ಲಿಪಿಕಾರ ಮಸುಕಾದ ಅಕ್ಷರವನ್ನು ಹೆರೆದು ಹೊಸದಾಗಿ ಬರೆಯುತ್ತಾನೆ. ಸುರುಳಿ ಮತ್ತೆ ಬಳಕೆಗೆ ಬರಬೇಕೆಂಬುದು ಅವನ ಗುರಿ. ಮ್ಯೂಸಿಯಂನ ಸಂರಕ್ಷಕರು ಎದ್ದ ಸಿಪ್ಪೆಯನ್ನು ಅಂಟಿಸಿ ನಿಲ್ಲಿಸುತ್ತಾರೆಯೇ ಹೊರತು ಹೊಸದಾಗಿ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಯಾವ ಪ್ರದೇಶದ ಕೈಬರಹ, ಯಾವಾಗ ಯಾರು ತಿದ್ದಿದ್ದು ಎಂಬ ಸಾಕ್ಷ್ಯವೆಲ್ಲ ಆ ಅಕ್ಷರಗಳಲ್ಲೇ ಇರುವುದರಿಂದ.

ಕೋಣೆ ಮಬ್ಬಾಗಿದೆ ಎಂದು ಬೇಸರ ಬೇಡ. ಚರ್ಮಪತ್ರ, ಬಟ್ಟೆಗಳ ಮೇಲೆ ಬೀಳುವ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಸುತ್ತಮುತ್ತ ಇಡುವುದು ರೂಢಿ. ಒಂದೇ ಅಂಕಣಕ್ಕೆ ಸದಾ ಬೆಳಕು ಬೀಳದಿರಲೆಂದು ಆಗಾಗ ಸುರುಳಿಯನ್ನು ಬೇರೆಡೆಗೆ ಸುತ್ತುವುದೂ ಉಂಟು.

ಬೆಳ್ಳಿಯ ಕೈಗೆ ‘ಯಾದ್’ ಎನ್ನುತ್ತಾರೆ. ಚರ್ಮಪತ್ರವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಹಾಗಾಗಿ ಓದುವವನು ಸಾಲನ್ನು ಇದರಿಂದ ತೋರಿಸಿಕೊಂಡು ಹೋಗುತ್ತಾನೆ. ಪಕ್ಕದಲ್ಲಿ ಸರಪಳಿಯಿರುವ ಬೆಳ್ಳಿಯ ಎದೆಹಲಗೆ ಇದ್ದರೆ ಅದರ ನಡುವಿನ ಪುಟ್ಟ ಚೌಕಟ್ಟನ್ನು ಬಗ್ಗಿ ನೋಡಿ. ಅದರೊಳಗೆ ಜಾರಿಸಿ ತೆಗೆಯುವ ಪಟ್ಟಿಗಳಿರುತ್ತವೆ. ‘ಸಬ್ಬತ್’ (ಶನಿವಾರದ ವಿಶ್ರಾಂತಿ ದಿನ), ‘ಪಾಸೋವರ್’ (ಒಂದು ಹಬ್ಬ) ಎಂದು ಒಂದೊಂದರ ಮೇಲೂ ಕೆತ್ತಿರುತ್ತದೆ. ಒಂದೇ ಸಿನಗಾಗ್‌ನಲ್ಲಿ ಹಲವು ಸುರುಳಿಗಳಿದ್ದಾಗ, ಯಾವುದನ್ನು ಯಾವ ದಿನದ ಪಾಠಕ್ಕೆ ಸುತ್ತಿಟ್ಟಿದೆ ಎಂದು ಹೊರಗಿನಿಂದಲೇ ತಿಳಿಯಲು ಈ ಏರ್ಪಾಡು. ಹೆಚ್ಚಿನವರು ಹಲಗೆಯ ಸಿಂಹ, ಕಿರೀಟಗಳನ್ನು ನೋಡಿ ಮುಂದೆ ಹೋಗುತ್ತಾರೆ.

ಯುರೋಪಿನ ಅಶ್ಕೆನಾಜಿ ಪಂಗಡದವರು ಸುರುಳಿಗೆ ಬಟ್ಟೆಯ ಅಂಗಿ ತೊಡಿಸುತ್ತಾರೆ. ಬಾಗ್ದಾದ್, ಕೇರಳದ ಕಡೆ ಗಟ್ಟಿ ಮರದ ಅಥವಾ ಲೋಹದ ಕರಂಡಕವಿರುತ್ತದೆ, ಸುರುಳಿಯನ್ನು ಅದರೊಳಗೇ ನೆಟ್ಟಗೆ ನಿಲ್ಲಿಸಿ ಓದುತ್ತಾರೆ. ಪೆಟ್ಟಿಗೆಯ ಆಕಾರ ನೋಡಿದರೆ ಸಾಕು, ಊರಿನ ದಿಕ್ಕು ಅಂದಾಜಾಗುತ್ತದೆ.

ಪ್ರಶ್ನೆ: ಏಳು ಕೊಂಬಿನ ದೀಪ, ಒಂಬತ್ತು ಕೊಂಬಿನ ದೀಪ: ಎರಡನ್ನೂ ಮೆನೋರಾ ಎನ್ನುತ್ತಾರಲ್ಲ?

ಏಳು ಜೆರುಸಲೇಮಿನ ದೇವಾಲಯದ್ದು. ರೋಮಿನ ಟೈಟಸ್ ಕಮಾನಿನ ಮೇಲೆ ಕೆತ್ತಿರುವುದು ಅದೇ. ಒಂಬತ್ತು ಹನುಕ್ಕಾ ಹಬ್ಬದ್ದು: ಎಂಟು ರಾತ್ರಿಗೆ ಎಂಟು, ಹಚ್ಚಲು ಒಂದು ‘ಶಮಾಶ್’. ಎಂಟರ ಬೆಳಕನ್ನು ಬೇರೆ ಕೆಲಸಕ್ಕೆ ಬಳಸಬಾರದು, ಆದ್ದರಿಂದ ಶಮಾಶ್ ಎತ್ತರದಲ್ಲೋ ಪಕ್ಕಕ್ಕೋ ಬೇರೆಯಾಗಿ ಕಾಣಬೇಕು. ಕೊಂಬೇ ಇಲ್ಲದ, ಗೋಡೆಗೆ ತೂಗುಹಾಕುವ, ಎಂಟು ಎಣ್ಣೆಗುಳಿಗಳ ಸಾಲಿರುವ ಹಿತ್ತಾಳೆ ದೀಪವೂ ಹನುಕ್ಕಾದ್ದೇ. ಹಬ್ಬ ಮುಗಿಯುವಷ್ಟರಲ್ಲಿ ಶಮಾಶ್ ಸೇರಿ 44 ಮೇಣದಬತ್ತಿ ಬೇಕು.

ಪ್ರಶ್ನೆ: ಬೆಳ್ಳಿ ಲೋಟ, ಮದುವೆ ಪತ್ರಗಳ ಮೇಲೆ ಅಂಕಿಯೇ ಇರುವುದಿಲ್ಲ, ಬರೀ ಹೀಬ್ರೂ ಅಕ್ಷರ. ಇಸವಿ ಕಂಡುಹಿಡಿಯುವುದು ಹೇಗೆ?

ಅಕ್ಷರಗಳೇ ಅಂಕಿಗಳು. ಆಲೆಫ್‌ನಿಂದ ತೇತ್‌ವರೆಗೆ 1ರಿಂದ 9, ಯೋದ್‌ನಿಂದ ತ್ಸಾದೆವರೆಗೆ 10ರಿಂದ 90, ಕೊನೆಯ ನಾಲ್ಕು ಅಕ್ಷರ ಕೋಫ್, ರೇಶ್, ಶೀನ್, ತಾವ್ ಕ್ರಮವಾಗಿ 100, 200, 300, 400. ಸಾಲಿನಲ್ಲಿ ಕೊನೆಯ ಅಕ್ಷರಕ್ಕೆ ಮುಂಚೆ ಎರಡು ಸಣ್ಣ ಗೀಟು ಕಂಡರೆ ಅದು ಪದವಲ್ಲ, ಸಂಖ್ಯೆಯೋ ಸಂಕ್ಷೇಪವೋ ಇರಬೇಕು.

ಉದಾಹರಣೆಗೆ ತಾವ್, ಕೋಫ್, ಆಯಿನ್, ಬೇತ್ ಎಂದಿದೆ ಎನ್ನಿ. 400, 100, 70, 2, ಮೊತ್ತ 572. ಸಾವಿರದ ಸ್ಥಾನದ 5ನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಅಂದರೆ ಇದು ಸೃಷ್ಟಿಯಿಂದ ಎಣಿಸುವ 5572ನೇ ವರ್ಷ. ಸುಲಭದ ದಾರಿ: ಮೊತ್ತಕ್ಕೆ 1240 ಕೂಡಿ. 1812 ಬಂತು. ಯಹೂದಿ ವರ್ಷ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೊಸದಾಗುವುದರಿಂದ ತಿಂಗಳು ಗೊತ್ತಿಲ್ಲದಿದ್ದರೆ 1811–12 ಎಂದೇ ಬರೆಯಬೇಕು. ಮುಂದೆ ಲಾಮೆದ್, ಪೇ, ಕೋಫ್ ಎಂಬ ಮೂರಕ್ಷರ ಇದ್ದರೆ, ಸಾವಿರವನ್ನು ಬಿಟ್ಟಿದೆ ಎಂದು ಕೆತ್ತಿದವನೇ ಹೇಳಿದಂತೆ. ಅವನ್ನು ಮೊತ್ತಕ್ಕೆ ಸೇರಿಸಬೇಡಿ.

ಎಡವುವುದು ಎಲ್ಲಿ? ದಾಲೆತ್, ರೇಶ್ ನೋಟಕ್ಕೆ ಒಂದೇ ಥರ. ಒಂದರ ಬೆಲೆ 4, ಇನ್ನೊಂದರದು 200. ತಪ್ಪಿ ಓದಿದರೆ 196 ವರ್ಷ ಆಚೀಚೆ. ಹೇ (5), ಹೇತ್ (8) ಜೋಡಿಯೂ ಹಾಗೆಯೇ. ಇನ್ನೊಂದು, ಕೆಲವರು ಬೈಬಲಿನ ಒಂದು ವಾಕ್ಯವನ್ನೇ ಕೆತ್ತಿ, ಅದರಲ್ಲಿ ಕೆಲವು ಅಕ್ಷರಗಳಿಗೆ ಮಾತ್ರ ಚುಕ್ಕೆ ಇಟ್ಟು ಇಸವಿ ಅಡಗಿಸುತ್ತಾರೆ. ಇಡೀ ವಾಕ್ಯ ಕೂಡಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಚುಕ್ಕೆಯವನ್ನು, ಇಲ್ಲವೇ ದೊಡ್ಡದಾಗಿ ಬರೆದವನ್ನು ಮಾತ್ರ ಕೂಡಿ.

ಜರ್ಮನ್ ಯಹೂದಿಗಳ ‘ವಿಂಪೆಲ್’ನಲ್ಲಿ ಈ ವಿದ್ಯೆ ಚೆನ್ನಾಗಿ ಕೈಗೂಡುತ್ತದೆ. ಗಂಡುಮಗುವಿನ ಸುನ್ನತಿಯ ದಿನ ಹೊದಿಸಿದ ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಹೊಲಿದು, ಸುರುಳಿಗೆ ಸುತ್ತುವ ಉದ್ದನೆಯ ಪಟ್ಟಿ ಮಾಡುತ್ತಾರೆ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಕೊನೆಗೆ ‘ತೋರಾಕ್ಕೆ, ಮದುವೆ ಚಪ್ಪರಕ್ಕೆ, ಸತ್ಕಾರ್ಯಕ್ಕೆ ಬೆಳೆಯಲಿ’ ಎಂಬ ಹರಕೆ ಅದರ ಮೇಲೆ ಕಸೂತಿಯಾಗಿರುತ್ತದೆ. ಪಟ್ಟಿಗಳನ್ನು ಕೂಡಿಸಿದ ಅಡ್ಡಹೊಲಿಗೆಗಳನ್ನು ಹುಡುಕಿ ನೋಡಿ. ಮೂಲದ ಬಟ್ಟೆ ಎಷ್ಟಗಲವಿತ್ತು ಎಂಬುದು ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ಶನಿವಾರ ಇವು ಮುಚ್ಚಿರುತ್ತವೆಯೇ?

ಒಂದೇ ನಿಯಮ ಇಲ್ಲ. ಪ್ರಾಗ್ ಮತ್ತು ವಿಯೆನ್ನಾದವು ಶನಿವಾರ ಮುಚ್ಚಿರುತ್ತವೆ. ವಾರ್ಸಾದ ಪೋಲಿನ್‌ಗೆ ಮಂಗಳವಾರ ರಜೆ. ನ್ಯೂಯಾರ್ಕಿನದು ಶನಿವಾರ ತೆರೆದೇ ಇರುತ್ತದೆ, ಆದರೆ ಸಬ್ಬತ್ ದಿನ ಹಣ ಮುಟ್ಟುವಂತಿಲ್ಲವಾದ್ದರಿಂದ ಪ್ರವೇಶ ಉಚಿತ, ಅಂಗಡಿ ಬಂದ್. ಶುಕ್ರವಾರ ಸಂಜೆ ಬೇಗ ಬಾಗಿಲು ಹಾಕುವ ಕಡೆಗಳೂ ಇವೆ. ನಿಜವಾಗಿ ಎಡವುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ: ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಸಾಲಾಗಿ ಬರುತ್ತವೆ, ತಾರೀಖು ಪ್ರತಿವರ್ಷ ಬದಲಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲು ಆ ವರ್ಷದ ಪಟ್ಟಿ ನೋಡಿ. ಬಹಳ ಕಡೆ ವಿಮಾನ ನಿಲ್ದಾಣದಂತೆ ಬ್ಯಾಗ್ ತಪಾಸಣೆ ಇರುತ್ತದೆ, ಅರ್ಧ ಗಂಟೆ ಮೊದಲೇ ಹೋಗಿ.

ಪ್ರಾಗ್‌ನಲ್ಲಿ ಮ್ಯೂಸಿಯಂ ಎಂದರೆ ಒಂದು ಕಟ್ಟಡವಲ್ಲ. ಹಲವು ಸಿನಗಾಗ್‌ಗಳೂ ಹಳೆಯ ಸ್ಮಶಾನವೂ ಸೇರಿದ ಸಮುಚ್ಚಯ. ಮೊದಲು ಪಿಂಕಾಸ್ ಸಿನಗಾಗ್‌ಗೆ ಹೋಗಿ. ಇಂದಿನ ಚೆಕ್ ದೇಶದ ಬೊಹೀಮಿಯಾ, ಮೊರಾವಿಯಾ ಪ್ರಾಂತಗಳವರಾಗಿದ್ದು ನರಮೇಧದಲ್ಲಿ ಕೊಲೆಯಾದ ಸುಮಾರು 80,000 ಜನರ ಹೆಸರುಗಳನ್ನು ಗೋಡೆಯ ಮೇಲೆ ಕೈಯಿಂದ ಬರೆದಿದ್ದಾರೆ, ಜನಸಂದಣಿಯಲ್ಲಿ ಅದನ್ನು ಓದಲಾಗುವುದಿಲ್ಲ. ಪಕ್ಕದಲ್ಲೇ ಸ್ಮಶಾನ, ಅತ್ಯಂತ ಹಳೆಯ ಕಲ್ಲು 1439ರದು. ಜಾಗ ಸಾಲದೆ ಮಣ್ಣು ಹಾಕಿ ಗೋರಿಯ ಮೇಲೆ ಗೋರಿ ಕಟ್ಟಿದ್ದರಿಂದ ಕಲ್ಲುಗಳು ಹೀಗೆ ಒತ್ತೊತ್ತಾಗಿ ವಾಲಿ ನಿಂತಿವೆ. ಗಂಡಸರು ತಲೆಗೆ ಟೋಪಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಕಡೆಯ ಯಹೂದಿಗಳ ವಸ್ತುಗಳು ಇಂಥ ಮ್ಯೂಸಿಯಂಗಳಲ್ಲಿ ಇವೆಯೇ?

ಕೊಚ್ಚಿಯ ಒಂದು ಸಿನಗಾಗ್‌ನ ಒಳಾಂಗಣವೇ ಇದೆ. ಮಟ್ಟಂಚೇರಿಯ ಕಡವುಂಭಾಗಂ ಸಿನಗಾಗ್ 16ನೇ ಶತಮಾನದ್ದು. ಸಮುದಾಯ 1950ರ ದಶಕದಲ್ಲಿ ಇಸ್ರೇಲಿಗೆ ವಲಸೆ ಹೋದ ಮೇಲೆ ಕಟ್ಟಡ ಪಾಳುಬಿದ್ದಿತ್ತು. ಅದರ ಕೆತ್ತನೆಯ ಮರದ ಛಾವಣಿ ಮೊದಲಾದವನ್ನು ಬಿಚ್ಚಿ ಸಾಗಿಸಿ, ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಮರಳಿ ಜೋಡಿಸಿದರು. 1995ರಿಂದ ಜನರಿಗೆ ತೆರೆದಿದೆ. ಆದರೆ ಅಲ್ಲಿರುವ, ಸುರುಳಿಗಳನ್ನಿಡುವ ತೋರಾ ಪೆಟ್ಟಿಗೆ ಕಡವುಂಭಾಗಂನದಲ್ಲ, ಕೇರಳದ್ದೇ ಆದ ಪರವೂರಿನದು. ಕಡವುಂಭಾಗಂನ ಪೆಟ್ಟಿಗೆ ಅದಕ್ಕೂ ಮೊದಲೇ ಇಸ್ರೇಲಿನ ನೆಹಲಿಮ್ ಎಂಬ ಹಳ್ಳಿಗೆ ಹೋಗಿತ್ತು. ಈಗ ಮ್ಯೂಸಿಯಂ ಆಗಿರುವ ಪರವೂರಿನ ಸಿನಗಾಗ್‌ನಲ್ಲಿ ನೀವು ನೋಡುವುದು ಪ್ರತಿಕೃತಿ. ಕೇರಳದ ಸಿನಗಾಗ್‌ಗಳಿಗೇ ವಿಶಿಷ್ಟವಾದದ್ದು ಎರಡನೆಯ ಪಠಣಪೀಠ. ಒಂದು ಕೆಳಗೆ ನಡುವೆ, ಇನ್ನೊಂದು ಮೇಲೆ ಮಹಿಳೆಯರ ಭಾಗಕ್ಕೆ ಹೊಂದಿಕೊಂಡ ಅಟ್ಟದಲ್ಲಿ. ತಲೆಯೆತ್ತಿ ನೋಡದಿದ್ದರೆ ತಪ್ಪಿಹೋಗುತ್ತದೆ.

ಕರ್ನಾಟಕದ ಕುರುಹು ಕಾಗದದಲ್ಲಿದೆ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಹಳೆ ಕಾಗದಗಳನ್ನೆಲ್ಲ ಸೇರಿಸಿಡುತ್ತಿದ್ದರು. 1896–97ರಲ್ಲಿ ಅವುಗಳ ಬಹುಭಾಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತು. ಆ ರಾಶಿಯಲ್ಲಿ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳಿವೆ. ಅವನಿಗೆ ಮಂಗಳೂರಿನ ಬಳಿ ಕಂಚು–ಹಿತ್ತಾಳೆಯ ಕಾರ್ಖಾನೆ ಇತ್ತು. ಯೆಮನ್ನಿನ ಬಂದರು ಏಡನ್‌ನ ಗೆಳೆಯರು ಒಡೆದ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು, ಅವನಿಗೆ ಬರೆಯುವ ಕಾಗದ ಕಳಿಸಿಕೊಡುತ್ತಿದ್ದರು. ಆಶು ಎಂಬ ಹೆಂಗಸನ್ನು ಅವನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರವೂ ಉಳಿದಿದೆ.

ಪ್ರಶ್ನೆ: ಹೀಬ್ರೂ ಕೆತ್ತನೆಯ ಹಳೆಯ ಬೆಳ್ಳಿ ಲೋಟವೊಂದು ಮಾರಾಟಕ್ಕಿದೆ. ‘84’ ಎಂಬ ಮುದ್ರೆ ಇದೆ. ಕೊಳ್ಳಬಹುದೇ? ತೊಳೆಯುವುದು ಹೇಗೆ?

84 ರಷ್ಯನ್ ಸಾಮ್ರಾಜ್ಯದ ಅಳತೆ: 96ರಲ್ಲಿ 84 ಭಾಗ ಬೆಳ್ಳಿ, ಅಂದರೆ ಸಾವಿರಕ್ಕೆ 875. ಮುದ್ರೆ ಅಸಲಿಯಾದರೂ ಅದು ಲೋಟದ ಬಗ್ಗೆ ಹೇಳುತ್ತದೆ, ಕೆತ್ತನೆಯ ಬಗ್ಗೆ ಅಲ್ಲ. ಸಾದಾ ಹಳೆ ಲೋಟಕ್ಕೆ ಹೊಸದಾಗಿ ಹೀಬ್ರೂ ಕೆತ್ತಿ ಹಲವು ಪಟ್ಟು ಬೆಲೆಗೆ ಮಾರುವುದು ಈ ಮಾರುಕಟ್ಟೆಯ ಹಳೆಯ ಮೋಸ. ಹತ್ತುಪಟ್ಟು ದೊಡ್ಡದಾಗಿಸುವ ಲೆನ್ಸ್ ಹಿಡಿದು, ಉಳಿದ ಅಲಂಕಾರದ ಅಂಚುಗಳನ್ನೂ ಅಕ್ಷರದ ಅಂಚುಗಳನ್ನೂ ಹೋಲಿಸಿ. ಬಳ್ಳಿ ಸವೆದು ನುಣುಪಾಗಿದ್ದು ಅಕ್ಷರ ಮಾತ್ರ ಚೂಪಾಗಿದ್ದರೆ ದೂರ ಇರಿ. ಹೀಬ್ರೂ ಬಲ್ಲವರಿಂದ ಓದಿಸಿ. ಭಾಷೆ ಬಾರದವನು ನಕಲಿಸಿದಾಗ ಹೇ–ಹೇತ್, ದಾಲೆತ್–ರೇಶ್ ಅದಲುಬದಲಾಗಿರುತ್ತವೆ. ಇನ್ನೊಂದು ಮಾತು: ಯುದ್ಧಕಾಲದಲ್ಲಿ ಲೂಟಿಯಾದ ವಸ್ತುಗಳು ಇಂದಿಗೂ ಮಾರುಕಟ್ಟೆಗೆ ಬರುತ್ತವೆ. 1933ರಿಂದ 1945ರವರೆಗೆ ಯಾರ ಬಳಿ ಇತ್ತು ಎಂಬುದಕ್ಕೆ ಕಾಗದ ತೋರಿಸಲಾಗದವರಿಂದ ಕೊಳ್ಳಬೇಡಿ.

ತೊಳೆಯುವ ಮಾತು. ಕಪ್ಪು ಹಿಡಿಯುವುದು ಗಾಳಿಯ ಗಂಧಕದಿಂದ. ಟೂತ್‌ಪೇಸ್ಟ್, ಅದ್ದಿ ತೆಗೆಯುವ ದ್ರಾವಣ ಎರಡೂ ಬೇಡ: ಮೊದಲನೆಯದು ಗೀರುತ್ತದೆ, ಎರಡನೆಯದು ಕೆತ್ತನೆಯ ತಳದಲ್ಲಿ ಬೇಕೆಂದೇ ಉಳಿಸಿದ ಕಪ್ಪನ್ನೂ ತೆಗೆದುಬಿಡುತ್ತದೆ. ಒಳಗೆ ಚಿನ್ನದ ಲೇಪವಿದ್ದರೆ ಉಜ್ಜಲೇಬೇಡಿ. ಮೃದುವಾದ ಹತ್ತಿ ಬಟ್ಟೆಯಲ್ಲಿ ಒರೆಸಿ, ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅವೆರಡೂ ಗಂಧಕ ಬಿಡುತ್ತವೆ.